ನನ್ನ ವೀಸಾ ವಿಸರ್ಜನೆ

ಒಂದು ಮಾತು ಮೊದಲೇ ಹೇಳಿಬಿಡ್ತೇನೆ. ನನ್ನ ಪಾಸ್‌ಪೋರ್ಟು ಕಳೆದುಹೋದದ್ದಲ್ಲ. ಕಳೆದುಹೋಗುದು ಅಂದ್ರೆ ಕೊಡೆ, ಕರ್ಚೀಫು, ಚಪ್ಪಲಿ. ನನ್ನ ಪಾಸ್‌ಪೋರ್ಟಿಗೆ ಹೂ ಏರಿಸಿ, ಆರತಿ ಎತ್ತಿ, ಟೆಂಪೋದಲ್ಲಿ ಕೂರಿಸಿ, ಬ್ಯಾಂಡು ಬಾರಿಸಿಕೊಂಡು ಹೋಗಿ, ಡೊಂಬಿವಲಿ ವೆಸ್ಟಿನ ಖಾಡಿಯ, ಅಂದ್ರೆ ಸಮುದ್ರದ ಹಿನ್ನೀರಿನ, ಉಪ್ಪುನೀರಿಗೆ ಬಿಟ್ಟದ್ದು. ಇಷ್ಟು ಮರ್ಯಾದೆ ನಾನು ಹುಟ್ಟಿದಾಗ ನನಗೂ ಸಿಕ್ಕಿರಲಿಲ್ಲ. ಬಿಟ್ಟವರು ನನ್ನ ಸೋದರಮಾವ. ಅವರ ಮೇಲೆ ಸೇಡು ತೀರಿಸಿಕೊಳ್ಳಲಿಕ್ಕೆ ನಾನು ಏನೇನು ಮಾಡಿದೆ ಅಂತ ಹೇಳ್ಲಿಕ್ಕೇ ಇದನ್ನ ಬರೀತಿರುದು. ದೊಡ್ಡ ಮನಸ್ಸು, ಕ್ಷಮಾಗುಣ ಇತ್ಯಾದಿ ಬೇಕಾದವರು ಇಲ್ಲಿಗೇ ನಿಲ್ಲಿಸಬಹುದು.

ಆ ಪಾಸ್‌ಪೋರ್ಟಿನೊಳಗೆ ಜರ್ಮನಿಯ ವೀಸಾ ಇತ್ತು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ವಾಶಿಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡು, ಜರ್ಮನ್ ಭಾಷೆಯ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದು, ಇನ್ನೊಮ್ಮೆ ಪಾಸಾಗಿ, ಅಲ್ಲಿಯ ಸಣ್ಣ ಊರಿನ ಹೋಟೆಲೊಂದರಲ್ಲಿ ಕೆಲಸ ಕಲಿಯುತ್ತಾ ಸಂಬಳ ತೆಗೆದುಕೊಳ್ಳುವ ಸೀಟು ಸಿಕ್ಕಿತ್ತು. ನವರಾತ್ರಿ ಕಳೆದ ಮೇಲೆ ವಿಮಾನ ಹತ್ತುದು ಅಂತ ಲೆಕ್ಕ.

ನವರಾತ್ರಿಯೇ ಮುಗಿಸಿತು.

ನಮ್ಮ ಬಿಲ್ಡಿಂಗಿನಲ್ಲಿ ಅರ್ಧ ಜನ ಉಡುಪಿ, ಮಂಗಳೂರು ಕಡೆಯವರು, ಅರ್ಧ ಮರಾಠಿಯವರು. ವರ್ಷ ವರ್ಷ ಸೊಸೈಟಿ ಹಾಲ್‌ನಲ್ಲಿ ಶಾರದಾ ಪೂಜೆ. ಮಕ್ಕಳೆಲ್ಲ ತಮ್ಮ ಪುಸ್ತಕ ತಂದು ದೇವಿಯ ಎದುರು ಇಡ್ತಾರೆ. ವಿಜಯದಶಮಿಯವರೆಗೆ ಅದನ್ನ ಮುಟ್ಟುವ ಹಾಗಿಲ್ಲ, ಓದುವ ಹಾಗಿಲ್ಲ. ಇಡೀ ಹಿಂದೂ ಧರ್ಮದಲ್ಲಿ ನಾನು ಚಿಕ್ಕಂದಿನಿಂದ ಮನಸ್ಸಿಟ್ಟು ಪಾಲಿಸಿದ ನಿಯಮ ಅಂದ್ರೆ ಇದೊಂದೇ.

"ನೀನೂ ಪುಸ್ತಕ ಇಡು ಮಗಾ. ದೂರ ಹೋಗುವವ," ಅಂದ್ರು ಅಮ್ಮ.

"ನನ್ನ ಹತ್ರ ಪುಸ್ತಕ ಎಲ್ಲಿ ಉಂಟಮ್ಮ?"

ಅಮ್ಮ ಸ್ವಲ್ಪ ಆಲೋಚನೆ ಮಾಡಿ ಕಪಾಟಿನಿಂದ ಪಾಸ್‌ಪೋರ್ಟ್ ತೆಗೆದ್ರು. "ಇದೂ ಪುಸ್ತಕವೇ ಅಲ್ವಾ? ಪುಟ ಉಂಟು, ಫೋಟೋ ಉಂಟು." ಆಮೇಲೆ ಆಧಾರ್ ಕಾರ್ಡು, ಪ್ಯಾನ್ ಕಾರ್ಡು ಕೂಡ ತೆಗೆದ್ರು. "ಸರ್ಕಾರ ಕೊಟ್ಟದ್ದೆಲ್ಲ ಒಟ್ಟಿಗೇ ಇರ್ಲಿ." ಎಲ್ಲವನ್ನೂ ಜರಿಯಂಚಿನ ಕೆಂಪು ರವಿಕೆ ಕಣದಲ್ಲಿ ಸುತ್ತಿ, ಗಂಟು ಹಾಕಿ, ಮೇಲೆ ಕುಂಕುಮ ಹಚ್ಚಿ, ಸೇವಂತಿಗೆ ಸಿಕ್ಕಿಸಿದ್ರು. ನೋಡಿದ್ರೆ ಪೂಜೆ ಮುಗಿದ ಮೇಲೆ ತೆಗೆದಿಟ್ಟ ಹೂವಿನ ಗಂಟೇ. ನಾನು ಹೂಂ ಅಂದೆ. ಅಮ್ಮನಿಗೆ ಉಹೂಂ ಅಂದು ಬದುಕಿ ಉಳಿದವರು ನಮ್ಮ ಕುಟುಂಬದಲ್ಲಿ ಯಾರೂ ಇಲ್ಲ.

ಇನ್ನು ಮಾವ. ಅಮ್ಮನ ಅಣ್ಣ. ಕಲ್ಯಾಣ್ ಸ್ಟೇಷನ್ ಹತ್ರ ವೆಜ್ ಹೋಟೆಲು. ನಮ್ಮದೇ ಬಿಲ್ಡಿಂಗಿನಲ್ಲಿ ಮನೆ. ಸೊಸೈಟಿಯ ಸೆಕ್ರೆಟರಿ ಅವರೇ, ಶಾರದಾ ಪೂಜೆಯ ಅಧ್ಯಕ್ಷರೂ ಅವರೇ. ಬಿಲ್ಡಿಂಗಿನ ಲಿಫ್ಟು ಕೆಡುದಿದ್ರೂ ಅವರ ಪರ್ಮಿಶನ್ ಕೇಳಿಯೇ ಕೆಡುದು. ವಿಜಯದಶಮಿಯ ದಿನ ಅವರಿಗೆ ಒಂದೇ ಹಠ: ಪಕ್ಕದ ರೋಡಿನ ಮಂಡಳಿಗಿಂತ ಮೊದಲು ನಮ್ಮ ದೇವಿ ಖಾಡಿ ಮುಟ್ಟಬೇಕು. ಮಕ್ಕಳಿಗೆ ಪುಸ್ತಕ ವಾಪಸ್ ಕೊಡುವ ಮೊದಲೇ "ಬೇಗ, ಬೇಗ" ಅಂತ ಎರಡೂ ಕೈಯಲ್ಲಿ ಹಾರ, ಹೂ, ಬಾಳೆಲೆ, ಎಲ್ಲ ಬಾಚಿ ಗೋಣಿಗೆ ತುಂಬಿದ್ರು. ಗೋಣಿ ಟೆಂಪೋ ಹತ್ತಿತು. ಟೆಂಪೋ ಎದುರು ನಾನು ಕುಣಿದೆ. ಸಾಮಾನ್ಯ ಕುಣಿತ ಅಲ್ಲ. ಬೆವರು ಸುರಿಸಿ, ಶರ್ಟಿನ ಗುಂಡಿ ಕಿತ್ತುಹೋಗುವ ಹಾಗೆ ಕುಣಿದೆ. ನನ್ನ ಹಿಂದೆ ಗೋಣಿಯೊಳಗೆ ನನ್ನ ಜರ್ಮನಿ ಮಲಗಿತ್ತು. ತನ್ನದೇ ಹೆಣದ ಎದುರು ಕುಣಿದ ಗಂಡಸು ಡೊಂಬಿವಲಿಯಲ್ಲಿ ನಾನೊಬ್ಬನೇ ಇರ್ಬೇಕು.

ಖಾಡಿಯ ದಡದಲ್ಲಿ ಹೂ ಹಾಕಲಿಕ್ಕೆ ಬೇರೆ ದೊಡ್ಡ ಡಬ್ಬಿ ಇಟ್ಟಿದ್ರು. ಅಲ್ಲಿ ನಿಂತ ಹುಡುಗಿಯರು ಕೈಮುಗಿದು "ಕಾಕಾ, ಇಥೇ ಟಾಕಾ" ಅಂದ್ರು, ಇಲ್ಲಿ ಹಾಕಿ ಅಂತ. ಮಾವ "ದೇವಿಯ ಹೂ ಡಬ್ಬಿಗಾ?" ಅಂತ ಗುಡುಗಿ ನೀರಿನ ಕಡೆ ನಡೆದ್ರು. ಆಗ ನಾನು ದೂರದಲ್ಲಿ ವಡಾಪಾವ್ ತಿನ್ತಾ ಇದ್ದೆ.

ವಾಪಸ್ ಬಂದ ಮೇಲೆ ಮಕ್ಕಳ ಪುಸ್ತಕ ಹಂಚಿದ್ರು. ಗಣಿತ ಬಂತು, ಭೂಗೋಳ ಬಂತು. ನನ್ನ ಗಂಟು ಬರ್ಲಿಲ್ಲ. ಅಮ್ಮ ದೇವಿಯ ಪೀಠದ ಕೆಳಗೆ ನೋಡಿದ್ರು, ಕುರ್ಚಿಗಳ ಅಡಿ ನೋಡಿದ್ರು, ಆಮೇಲೆ ನೆಲದಲ್ಲಿ ಕೂತ್ರು.

ಮರುದಿನ ಬೆಳಿಗ್ಗೆ ಹೊತ್ತಿಗೆ ಇಡೀ ಬಿಲ್ಡಿಂಗಿಗೆ ಸುದ್ದಿ: ನಾನು ಪಾಸ್‌ಪೋರ್ಟನ್ನು ಟ್ರೈನಿನಲ್ಲಿ ಬಿಟ್ಟು ಬಂದೆನಂತೆ. ಹೇಳಿದ್ದು ಮಾವ. ಎಲ್ಲರೂ ನಂಬಿದ್ರು. ಯಾಕೆ ನಂಬುದಿಲ್ಲ? ಡೊಂಬಿವಲಿಯಲ್ಲಿ ಇಳಿಯುವ ಬದಲು ನಿದ್ದೆ ಮಾಡಿ ಬದಲಾಪುರದಲ್ಲಿ ಎದ್ದು, ಬೇರೆಯವರ ಡಬ್ಬಿ ಹಿಡಿದು ಇಳಿದವ ನಾನು. ಬಾಗಿಲಲ್ಲಿ ನೇತಾಡಿಕೊಂಡು ಬರುವಾಗ ಮುಂಬ್ರಾ ದಾಟಿದ ಮೇಲೆ ಒಂದು ಶೂ ಬೀಳಿಸಿ, ಇನ್ನೊಂದರಲ್ಲಿ ಕುಂಟಿಕೊಂಡು ಮನೆಗೆ ಬಂದವ ನಾನು. ವಾಶಿಗೆ ಇಂಟರ್ವ್ಯೂಗೆ ಹೋಗುವಾಗ ಸರ್ಟಿಫಿಕೇಟಿನ ಫೈಲ್ ಅಂತ ಮಾವನ ಹೋಟೆಲಿನ ಮೆನು ತಕೊಂಡು ಹೋದವನೂ ನಾನೇ. ಮಾವ ಸುಳ್ಳು ಹೇಳಿದ್ದಕ್ಕೆ ನನಗೆ ಅಷ್ಟು ಸಿಟ್ಟು ಬರ್ಲಿಲ್ಲ. ಆ ಸುಳ್ಳು ಟೈಲರ್ ಹೊಲಿದ ಹಾಗೆ ನನ್ನ ಮೈಗೆ ಸರಿಯಾಗಿ ಕೂತಿತಲ್ಲ, ಅದಕ್ಕೆ ಬಂತು.

"ಮಾವ, ಆ ಕೆಂಪು ಗಂಟನ್ನು ನೀವೇ ಗೋಣಿಗೆ ಹಾಕಿದ್ದು," ಅಂದೆ.

"ಯಾವ ಗಂಟು? ನಾನು ಹಾಕಿದ್ದು ಹೂ. ನೀನು ಟ್ರೈನಲ್ಲಿ ಬಿಟ್ಟಿದ್ದಿ, ಸರಿ ನೆನಪು ಮಾಡ್ಕೋ."

"ಅಮ್ಮ ಕಟ್ಟಿದ್ದು ಮಾವ, ನಾನೇ ನೋಡಿದ್ದೇನೆ."

"ನೀನು ನೋಡಿದ್ದಾ? ಬದಲಾಪುರವನ್ನ ಡೊಂಬಿವಲಿ ಅಂತ ನೋಡಿದವ ಅಲ್ವಾ ನೀನು?"

ಅಮ್ಮ ಅಣ್ಣನ ಮುಖ ನೋಡಿದ್ರು, ಫ್ಯಾನ್ ನೋಡಿದ್ರು. "ಬಿಡು ಮಗಾ, ಹಿರಿಯರು" ಅಂದ್ರು. ಅಣ್ಣನ ಎದುರು ಅಮ್ಮನ ಬಾಯಿ ಏಳುದಿಲ್ಲ.

ಜರ್ಮನಿಯ ಹೋಟೆಲಿಗೆ ಮೇಲ್ ಮಾಡಿದೆ. ಅವರು ಒಳ್ಳೆಯವರು. ಮಾರ್ಚ್ ತಿಂಗಳವರೆಗೆ ನಿನ್ನ ಜಾಗ ಇಡ್ತೇವೆ, ಆಮೇಲೆ ಬೇರೆಯವರಿಗೆ ಕೊಡ್ತೇವೆ ಅಂತ ಬರೆದ್ರು. ಅಂದ್ರೆ ಅಷ್ಟರೊಳಗೆ ಹೊಸ ಪಾಸ್‌ಪೋರ್ಟು, ಅದರ ಮೇಲೆ ಮತ್ತೆ ಹೊಸ ವೀಸಾ. ಇಲ್ಲದಿದ್ರೆ ಮಾವನ ಹೋಟೆಲಿನ ಗಲ್ಲದಲ್ಲಿ, ಕ್ಯಾಶಿನ ಮರದ ಪೆಟ್ಟಿಗೆಯ ಹಿಂದೆ, ಜೀವನಪೂರ್ತಿ. ಮಾವನಿಗೆ ಗಂಡುಮಕ್ಕಳಿಲ್ಲ. ನಾನು ಅಲ್ಲಿ ಕೂರಬೇಕು ಅಂತ ಅವರಿಗೆ ಮೊದಲಿನಿಂದ ಆಸೆ.

ಮೊದಲು ಪೊಲೀಸ್ ಸ್ಟೇಷನ್. ಪೆನ್ನು ಹಿಡಿದು ಕೂತ ಲೇಡಿ ಹವಾಲ್ದಾರ್ ಕೇಳಿದ್ರು, "ಕಸಾ ಹರವ್ಲಾ?" ಹೇಗೆ ಕಳೆಯಿತು ಅಂತ.

"ಹರವ್ಲಾ ನಾಹೀ ಮ್ಯಾಡಮ್. ವಿಸರ್ಜನ್ ಝಾಲಂ."

ಅವರು ಪೆನ್ನು ಕೆಳಗಿಟ್ರು. ನಾನು ಇಡೀ ಕತೆ ಹೇಳಿದೆ. ಅವರು ಒಳಗಿನವರನ್ನೆಲ್ಲ ಕರೆದು ಇನ್ನೊಮ್ಮೆ ಹೇಳಿಸಿದ್ರು. ಒಬ್ಬ ದಪ್ಪ ಮೀಸೆಯವರು ಗಂಭೀರವಾಗಿ, "ಮುಂದಿನ ವರ್ಷ ಬೇಗ ವಾಪಸ್ ಬಾ ಅಂತ ಪಾಸ್‌ಪೋರ್ಟಿಗೆ ಹೇಳಿದ್ಯಾ?" ಅಂತ ಕೇಳಿದ್ರು. ಗಣಪತಿಗೆ ಹೇಳುವ ಮಾತು ಅದು. ಸ್ಟೇಷನ್ನೇ ನಕ್ಕಿತು. ನಾನೂ ನಕ್ಕೆ. ಒಳಗೆ ಮಾತ್ರ ಮಾವನ ಹೆಸರಿನ ಒಗ್ಗರಣೆ ಚಟಪಟ ಅಂತಿತ್ತು. ಕೊನೆಗೆ ದೂರಿನ ಕಾಗದ ಸಿಕ್ಕಿತು.

ಪಾಸ್‌ಪೋರ್ಟಿಗೆ ಆಧಾರ್ ಬೇಕು. ಆಧಾರೂ ಖಾಡಿಯಲ್ಲಿ. ಆನ್‌ಲೈನಿನಲ್ಲಿ ತೆಗೆಯಬಹುದು, ಫೋನಿಗೆ ಓಟಿಪಿ ಬರ್ತದೆ ಅಂದ್ರು. ಯಾರ ಫೋನಿಗೆ? ಮಾವನ ಫೋನಿಗೆ! ನಾನು ಸಣ್ಣವನಿರುವಾಗ ಇಡೀ ಕುಟುಂಬವನ್ನು ಕಲ್ಯಾಣಿನ ಆಧಾರ್ ಕ್ಯಾಂಪಿಗೆ ಕರಕೊಂಡು ಹೋದವರು ಅವರು. ಅಮ್ಮ, ಚಿಕ್ಕಮ್ಮ, ನಾನು, ಊರಿನಿಂದ ಬಂದಿದ್ದ ಅಜ್ಜಿ, ಎಲ್ಲರಿಗೂ ತನ್ನದೇ ನಂಬರ್ ಕೊಟ್ಟು ಬಂದಿದ್ರು. ಯಜಮಾನ ಅಂದ್ರೆ ಹಾಗೆ. ನಾವು ಯಾರು ಅಂತ ಸರ್ಕಾರ ಕೇಳಿದ್ರೆ ಮಾವನ ಜೇಬು ಗುಂಯ್ ಅಂತದೆ.

ಆಧಾರ್ ಸೆಂಟರಿಗೆ ಹೋಗಿ ಬೆರಳು ಒತ್ತಿದ್ರೆ ನಂಬರ್ ಬದಲಾಯಿಸಬಹುದು ಅಂತ ಯಾರೋ ಹೇಳಿದ್ರು. ಹೋದೆ. ನನ್ನದು ಅಡುಗೆಮನೆಯ ಬೆರಳು. ತವಾಕ್ಕೆ ಸುಟ್ಟು, ಈರುಳ್ಳಿ ಕೊಚ್ಚುವಾಗ ಕೊಯ್ದು, ಗೆರೆಗಳೆಲ್ಲ ಮಾಸಿಹೋಗಿವೆ. ಹತ್ತೂ ಬೆರಳು ಒತ್ತಿದೆ. ನಾನು ನಾನಲ್ಲ ಅಂತ ಮೆಷೀನು ಹೇಳಿತು. ಕೊನೆಗೆ ಕಲ್ಯಾಣಿಗೇ ಹೋದೆ.

ಮಾವ ಗಲ್ಲದಲ್ಲಿ. ಫೋನು ಮಗುಚಿ ಇಟ್ಟಿದ್ರು. ನಾನು ಮೂಲೆಯ ಟೇಬಲಿನಲ್ಲಿ ಕೂತು ನನ್ನ ಫೋನಿನಲ್ಲಿ ಓಟಿಪಿ ಕಳಿಸುವ ಬಟನ್ ಒತ್ತಿದೆ.

"ಮಾವ, ಓಟಿಪಿ ಬಂತಾ?"

"ಈಗ ಇಡ್ಲಿ ರಶ್ ಉಂಟು."

ಟೈಮ್ ಮುಗಿಯಿತು. ಮತ್ತೆ ಒತ್ತಿದೆ. "ಈಗ ಬಂತಾ?"

"ಬಂದಿರ್ಬೇಕು. ಕನ್ನಡಕ ಎಲ್ಲೋ ಇಟ್ಟಿದ್ದೇನೆ." ಕನ್ನಡಕ ಅವರ ತಲೆಯ ಮೇಲೇ ಇತ್ತು.

ಮತ್ತೆ ಒತ್ತಿದೆ. ಮಾವ ನಂಬರ್ ಓದಿದ್ರು, ಒಂದೊಂದೇ ಅಂಕಿ, ನಡುವೆ ಒಬ್ಬ ಗಿರಾಕಿಗೆ ಚಿಲ್ಲರೆ ಕೊಟ್ಟು, ಒಬ್ಬ ಸಪ್ಲಾಯರಿಗೆ ಬೈದು. ಕೊನೆಯ ಅಂಕಿಗೆ ಬರುವಾಗ ಟೈಮ್ ಮತ್ತೆ ಹೋಯ್ತು. ಆಮೇಲೆ ಪ್ರೀತಿಯಿಂದ ಹೇಳಿದ್ರು, "ಒಂದು ಕೆಲಸ ಮಾಡು. ನಾಳೆಯಿಂದ ನೀನೇ ಇಲ್ಲಿ ಕೂತ್ಕೋ. ಫೋನು ಇಲ್ಲೇ ಇರ್ತದೆ, ನೀನೇ ನೋಡ್ಕೊಳ್ಬಹುದು. ಅಲ್ಲಿ ಹೋಗಿ ಬಟಾಟೆ ಸುಲಿಯುದಕ್ಕೆ ಇಷ್ಟೆಲ್ಲ ಯಾಕೆ ಮಾರಾಯ? ಬಟಾಟೆ ಇಲ್ಲೂ ಉಂಟು."

ಕೂತೆ. ಬೇರೆ ದಾರಿ ಇರ್ಲಿಲ್ಲ. ಗಲ್ಲದಲ್ಲಿ ನನ್ನ ಮೊದಲ ದಿನ ಹೋಟೆಲಿನ ಇತಿಹಾಸದಲ್ಲೇ ಕಪ್ಪು ದಿನ. ಮಸಾಲೆ ದೋಸೆಯವನ ಬಿಲ್ಲು ಚಹಾದವನಿಗೆ ಕೊಟ್ಟೆ. ಚಹಾದವ ಜಗಳಕ್ಕೆ ಬಂದ. ದೋಸೆಯವ ನನ್ನನ್ನು ಆಶೀರ್ವಾದ ಮಾಡಿ ಹೋದ. ಆದ್ರೆ ಮಧ್ಯಾಹ್ನ ಮಾವ ಊಟ ಮಾಡಿ ಹಿಂದೆ ಮಲಗಿದಾಗ ಓಟಿಪಿ ಬಂತು, ಆಧಾರ್ ಬಂತು. ಮತ್ತೆ ಯಾವ ಪುಣ್ಯವೋ, ಕೈ ಜಾರಿ ಅವರ ಫೋನಿನ ಗ್ಯಾಲರಿ ತೆರೆಯಿತು.

ಕೈ ಜಾರಿ ಅಂದ್ನಾ? ಇಲ್ಲ. ಬೇಕಂತಲೇ ತೆರೆದೆ.

ಖಾಡಿಯ ವೀಡಿಯೋ. ಅವರ ಹೋಟೆಲಿನ ಮ್ಯಾನೇಜರ್ ತೆಗೆದದ್ದು. ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದು ಅದರ ಮೊದಲರ್ಧ ಮಾತ್ರ. ಪೂರ್ತಿ ವೀಡಿಯೋದಲ್ಲಿ ಮಾವ ಗೋಣಿ ಎತ್ತಿ ಬೋರಲು ಹಾಕ್ತಾರೆ. ಹೂ ಬೀಳ್ತದೆ, ಬಾಳೆಲೆ ಬೀಳ್ತದೆ, ಆಮೇಲೆ ಜರಿಯಂಚಿನ ಕೆಂಪು ಗಂಟು. ಸ್ವಲ್ಪ ತೇಲ್ತದೆ. ಗಂಟು ಬಿಚ್ಚಿ ನೀಲಿ ಪುಸ್ತಕದ ಮೂಲೆ ಕಾಣ್ತದೆ. ಮ್ಯಾನೇಜರಿನ ದನಿ: "ಸೇಠ್, ಅದೆಂತದೋ ಪಾಸ್‌ಪೋರ್ಟಿನ ಹಾಗೆ ಉಂಟು." ಮಾವ ಬಗ್ಗಿ ನೋಡ್ತಾರೆ. ನೀರು ಮೊಣಕಾಲಿಗಿಂತ ಮೇಲಿಲ್ಲ. ಎರಡು ಹೆಜ್ಜೆ ಇಟ್ರೆ ಕೈಗೆ ಸಿಗ್ತಿತ್ತು. ಮಾವ ತನ್ನ ರೇಷ್ಮೆ ಪಂಚೆ ನೋಡ್ತಾರೆ. "ಬಿಡು, ಹೋಯ್ತು. ಬಾಯಿ ಮುಚ್ಚಿಕೋ," ಅಂತಾರೆ.

ಅವರಿಗೆ ಗೊತ್ತಿತ್ತು! ಆವತ್ತೇ, ಅಲ್ಲೇ ಗೊತ್ತಿತ್ತು.

ಡಿಲೀಟ್ ಯಾಕೆ ಮಾಡ್ಲಿಲ್ಲ ಅಂತ ಕೇಳ್ತೀರಾ? ಆ ರೇಷ್ಮೆ ಪಂಚೆ, ಶಲ್ಯದಲ್ಲಿ ಅವರು ಚೆಂದ ಕಾಣ್ತಿದ್ರು.

ನನ್ನ ಫೋನಿಗೆ ಫಾರ್ವರ್ಡ್ ಮಾಡಿದೆ. ಗಡಿಬಿಡಿಯಲ್ಲಿ ಮೊದಲು ಹೋಟೆಲಿಗೆ ಹಾಲು ಹಾಕುವವನಿಗೆ ಹೋಯ್ತು. ಅವ "ಜೈ ಮಾತಾ ದೀ" ಅಂತ ಉತ್ತರ ಹಾಕಿದ. ಎರಡನೇ ಸಲ ಸರಿಯಾಗಿ ಬಂತು.

ತುಳಸಿ ಪೂಜೆಯ ಸಂಜೆ ಸೊಸೈಟಿ ಹಾಲ್‌ನಲ್ಲಿ ಎಲ್ಲರಿಗೂ ಊಟ. ಊಟಕ್ಕೆ ಮೊದಲು ಗೋಡೆಯ ಮೇಲೆ ನವರಾತ್ರಿಯ ಫೋಟೋ ತೋರಿಸುದು ವಾಡಿಕೆ. ತೋರಿಸುವ ಕೆಲಸ ನನ್ನದು, ಯಾಕಂದ್ರೆ ವಯರು ಜೋಡಿಸುದು ದೊಡ್ಡವರಿಗೆ ಬರುದಿಲ್ಲ. ಮಾವ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ರು. ಅವರು ಆರತಿ ಎತ್ತುವ ಫೋಟೋ ಬಂತು, ಚಪ್ಪಾಳೆ. ಭಾಷಣ ಮಾಡುವ ಫೋಟೋ ಬಂತು, ಚಪ್ಪಾಳೆ. ಆಮೇಲೆ ವೀಡಿಯೋ. ನಾನು ಸ್ಪೀಕರಿನ ಕಿವಿ ಪೂರ್ತಿ ತಿರುಗಿಸಿದೆ.

"ಬಿಡು, ಹೋಯ್ತು. ಬಾಯಿ ಮುಚ್ಚಿಕೋ."

ಇಡೀ ಹಾಲ್ ಬಾಯಿ ಮುಚ್ಚಿಕೊಂಡಿತು. ಕೆಳಗಿನ ಮನೆಯ ಮರಾಠಿ ಹೆಂಗಸು, ನಮಗೆಲ್ಲ ಕಾಕು, ಅವರು ಮಾತ್ರ "ಅಗ ಬಾಯೀ!" ಅಂದ್ರು. ಆಗ ಅಮ್ಮ ಎದ್ದು ನಿಂತ್ರು. ಅಣ್ಣನ ಎದುರು ಬಾಯಿ ಏಳದ ನನ್ನ ಅಮ್ಮ.

"ಅಣ್ಣ, ಅದು ನನ್ನ ರವಿಕೆ ಕಣ."

ಅಷ್ಟೇ ಹೇಳಿದ್ದು. ಮಾವ ಎದ್ದು ಊಟ ಮಾಡದೆ ಹೋದ್ರು. ಅವರ ಪಾಲಿನ ಹೋಳಿಗೆಯನ್ನೂ ನಾನೇ ತಿಂದೆ, ತುಪ್ಪ ಕೇಳಿ ಹಾಕಿಸಿಕೊಂಡು.

ಆ ಹೋಳಿಗೆ ಜೀರ್ಣ ಆಗುವ ಮೊದಲೇ ನನ್ನ ಬುದ್ಧಿವಂತಿಕೆಯ ಫಲ ಸಿಕ್ಕಿತು. ಠಾಣೆ ಊರಿನ ಆಫೀಸಿಗೆ ಹೋಗಿ ಪಾಸ್‌ಪೋರ್ಟಿನ ಕೆಲಸ ಸಲೀಸಾಗಿ ಮುಗಿಸಿ ಬಂದಿದ್ದೆ. ಅದಾದ ಮೇಲೆ ಪೊಲೀಸ್ ವೆರಿಫಿಕೇಶನ್. ವಿಚಾರಣೆಗೆ ಬಂದ ಪೊಲೀಸ್‌ನವರು ಚಹಾ ಕುಡಿದು, ಅಕ್ಕಪಕ್ಕದವರನ್ನು ಕೇಳಿ, ಹೊರಡುವಾಗ ಹೇಳಿದ್ರು: "ಸೊಸೈಟಿಯ ಒಂದು ಲೆಟರ್ ಕೊಡು. ನೀನು ಇಲ್ಲೇ ಇರುವವ, ಒಳ್ಳೆಯವ ಅಂತ. ಸೆಕ್ರೆಟರಿಯ ಸಹಿ, ಮೊಹರಿನ ಸಿಕ್ಕಾ ಬೇಕು."

ಸೆಕ್ರೆಟರಿ!

ದೋಸೆ ಏಳುವ ಮೊದಲೇ ಕಾವಲಿಗೆ ಕೊಡಪಾನ ನೀರು ಹೊಯ್ದವ ನಾನು. ಸಹಿ ಹಾಕಿಸಿಕೊಂಡು ಆಮೇಲೆ ಮಾನ ತೆಗೆಯುದಲ್ವಾ? ಅಷ್ಟು ಸಣ್ಣ ವಿಷಯ ಹೊಳೆಯದವನಿಗೆ ಸೇಡು ಯಾಕೆ ಬೇಕಿತ್ತು?

ಮಾವನ ಮನೆಗೆ ಹೋದೆ. ಅವರು ನನ್ನನ್ನು ಕೂರಿಸಿ ನೀರು ಕೊಟ್ರು. ಅದೇ ಹೆದರಿಕೆ ಆಯ್ತು.

"ಲೆಟರಾ? ಕೊಡ್ತೇನೆ. ಯಾಕೆ ಕೊಡುದಿಲ್ಲ? ಆದ್ರೆ ನೀನು ಸೊಸೈಟಿ ಗ್ರೂಪಿನಲ್ಲಿ ಕ್ಷಮೆ ಕೇಳ್ಬೇಕು. ಎಲ್ಲರೆದುರು ತೆಗೆದ ಮರ್ಯಾದೆ, ಎಲ್ಲರೆದುರು ವಾಪಸ್ ಇಡು."

"ತಪ್ಪು ಮಾಡಿದ್ದು ನೀವು ಮಾವ."

"ಸಿಕ್ಕಾ ಯಾರ ಹತ್ರ ಉಂಟು?"

ನಾನು ನೀರಿನ ಗ್ಲಾಸು ಕೆಳಗಿಟ್ಟೆ. ಅವರು ನನ್ನ ಎದುರೇ ಗ್ರೂಪಿನಲ್ಲಿ ಟೈಪ್ ಮಾಡಿದ್ರು: ಹುಡುಗ ಕ್ಷಮೆ ಕೇಳಿದ ಕೂಡಲೇ ಲೆಟರ್ ಕೊಡಲಾಗುವುದು, ಇಂತಿ ಸೆಕ್ರೆಟರಿ.

"ಕೇಳಿಬಿಡು ಮಗಾ," ಅಂದ್ರು ಅಮ್ಮ. "ಒಂದು 'ಸಾರಿ' ಅಂದ್ರೆ ಜರ್ಮನಿ ಸಿಗ್ತದೆ."

ಡಿಸೆಂಬರ್ ಬಂತು, ಮಾರ್ಚ್ ದೂರ ಇರ್ಲಿಲ್ಲ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ ಆ ಒಂದು ಶಬ್ದ ಹೊರಗೂ ಬರ್ತಿಲ್ಲ, ಒಳಗೂ ಹೋಗ್ತಿಲ್ಲ. ಲೋಕಲ್ಲಿನಲ್ಲಿ ವಾಶಿಗೆ ಹೋಗುವಾಗ ಠಾಣೆಯಲ್ಲಿ ಗಾಡಿ ಬದಲಿಸಬೇಕು. ಅಲ್ಲಿ ಒಬ್ಬ ನನ್ನ ಕಾಲು ಮೆಟ್ಟಿ, "ಸಾರಿ ಬಾಸ್, ನಿನ್ನ ಕಾಲು ನನ್ನ ಬೂಟಿನ ಅಡಿಗೆ ಬಂತು," ಅಂದ. ನಾನು ಅಲ್ಲೇ ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ನನ್ನ ಗಾಡಿ ಹೋಯ್ತು. ಹೋಗ್ಲಿ. ನನಗೆ ಕ್ಷಮೆ ಕೇಳುವ ಕ್ರಮ ಗೊತ್ತಾಗಿತ್ತು.

ಆ ಭಾನುವಾರ ಗ್ರೂಪಿನಲ್ಲಿ ಹಾಕಿದೆ:

"ಸೊಸೈಟಿಯ ಸಮಸ್ತರಲ್ಲಿ ವಿನಂತಿ. ಪೂಜ್ಯ ಮಾವನವರು ನನ್ನ ಪಾಸ್‌ಪೋರ್ಟನ್ನು ಖಾಡಿಗೆ ಬಿಡುವಾಗ ಅದು ಮರ್ಯಾದೆಯಿಂದ ಮುಳುಗದೆ, ತೇಲಿ, ಅವರ ಕಣ್ಣಿಗೆ ಬಿದ್ದು ಮುಜುಗರ ಮಾಡಿದ್ದಕ್ಕೆ ಕ್ಷಮೆ ಇರಲಿ. ನೀರು ಮೊಣಕಾಲಿನಷ್ಟೇ ಇದ್ದದ್ದಕ್ಕೆ ಕ್ಷಮೆ ಇರಲಿ. ಅವರ ಪಂಚೆ ರೇಷ್ಮೆಯದ್ದಾಗಿತ್ತು, ನನ್ನ ವೀಸಾ ಬರೀ ಕಾಗದದ್ದಾಗಿತ್ತು, ಅದಕ್ಕೂ ಕ್ಷಮೆ ಇರಲಿ. ನಾನು ಟ್ರೈನಿನಲ್ಲಿ ಪಾಸ್‌ಪೋರ್ಟ್ ಬಿಟ್ಟಿರಲಿಲ್ಲ. ಮಾವ ಹಾಗೆ ಹೇಳಿದ ಮೇಲಾದರೂ ಹೋಗಿ ಬಿಟ್ಟು ಬರಬೇಕಿತ್ತು, ಬಿಡಲಿಲ್ಲ, ಕ್ಷಮೆ ಇರಲಿ. ಯಾವ ವೀಡಿಯೋಕ್ಕಾಗಿ ಕ್ಷಮೆ ಕೇಳುತ್ತಿದ್ದೇನೆ ಎಂದು ತಿಳಿಯದವರ ಅನುಕೂಲಕ್ಕಾಗಿ ಅದನ್ನು ಕೆಳಗೆ ಹಾಕಿದ್ದೇನೆ."

ಮರಾಠಿಯಲ್ಲೂ ಹಾಕಿದೆ. ಕೆಳಗಿನ ಕಾಕು ಕೂತು ತಿದ್ದಿಕೊಟ್ರು. ನಾನು ಬರೆದದ್ದಕ್ಕಿಂತ ಅವರು ಸೇರಿಸಿದ್ದೇ ಖಾರ ಇತ್ತು. ತುಳಸಿ ಪೂಜೆಗೆ ಬಾರದ ಬಾಡಿಗೆಯವರೆಲ್ಲ ಆವತ್ತು ಮೊದಲ ಸಲ ವೀಡಿಯೋ ನೋಡಿದ್ರು. ದಿವಾದಲ್ಲಿರುವ ನಮ್ಮ ಚಿಕ್ಕಮ್ಮ ಅದನ್ನ ಊರಿಗೆ ಕಳಿಸಿದ್ರು. ಸಂಜೆ ಹೊತ್ತಿಗೆ ಉಡುಪಿಯಿಂದ ಅಜ್ಜಿ ಮಾವನಿಗೆ ಫೋನ್ ಮಾಡಿ, "ಒಂದು ಪಂಚೆ ಒದ್ದೆ ಆದ್ರೆ ನಿನಗೆ ಏನಾಗ್ತಿತ್ತು?" ಅಂತ ಕೇಳಿದ್ರಂತೆ.

ಮಾವ ನನ್ನನ್ನು ಕರೆಸಿದ್ರು. ಎದುರು ಲೆಟರ್‌ಹೆಡ್ಡು, ಸಿಕ್ಕಾ. ಮುಖ ಬೇಯಿಸಿದ ಬೀಟ್‌ರೂಟು.

"ಇದು ಕ್ಷಮೆಯಾ?"

"ನೀವು ಕೇಳಿದ್ದೇ ಅಲ್ವಾ ಮಾವ? ಸಾಕಾಗ್ಲಿಲ್ಲ ಅಂದ್ರೆ ಹೇಳಿ. ಹಿಂದಿಯಲ್ಲಿ ಇನ್ನೂ ಹಾಕಿಲ್ಲ."

ಗ್ರೂಪಿನಲ್ಲಿ ಅವರೇ ಬರೆದಿದ್ರಲ್ಲ, ಕ್ಷಮೆ ಕೇಳಿದ ಕೂಡಲೇ ಅಂತ. ಎಲ್ಲರೂ ನೋಡ್ತಿದ್ರು. ನಾನು ಸನ್ನಡತೆಯ ಹುಡುಗ ಅಂತ ತನ್ನದೇ ಕೈಯಲ್ಲಿ ಬರೆದ್ರು. ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಆಮೇಲೆ ಸಿಕ್ಕಾ ಎತ್ತಿ ಗುದ್ದಿದ್ರು, ಟೇಬಲಿನ ಮೇಲಿದ್ದ ನೀರಿನ ಗ್ಲಾಸು ಮಗುಚಿತು. ಲೆಟರ್ ಒದ್ದೆಯಾಗುವ ಮೊದಲೇ ನಾನು ಎಳೆದುಕೊಂಡೆ. ಆ ಕ್ಷಣ ನನಗೆ ಮಾವನ ಬಗ್ಗೆ ಪಾಪ ಅನ್ನಿಸಬೇಕಿತ್ತು. ಹುಡುಕಿ ನೋಡಿದೆ, ಅನ್ನಿಸಲಿಲ್ಲ. ಖುಷಿ ಆಯ್ತು, ಮೆಟ್ಟಿಲು ಹಾರಿಕೊಂಡು ಇಳಿಯುವಷ್ಟು ಖುಷಿ. ಹಾರಿದ್ದಕ್ಕೆ ಕಾಲು ಉಳುಕಿತು, ಅದು ಬೇರೆ ವಿಷಯ.

ಪಾಸ್‌ಪೋರ್ಟ್ ಬಂತು. ವೀಸಾ ಸೆಂಟರಿನ ಗಾಜಿನ ಹಿಂದಿನ ಹೆಂಗಸು ಹಳೆಯದು ಏನಾಯ್ತು ಅಂತ ಕೇಳಿದ್ರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಗದೆ ಬರೆದುಕೊಂಡ್ರು. ಬರೆದು ಮುಗಿಸಿದ ಮೇಲೆ ನಕ್ಕರು. ವೀಸಾ ಬಂತು. ಮಾರ್ಚ್ ಹುಟ್ಟುವ ಮೊದಲು ನಾನು ಜರ್ಮನಿಯಲ್ಲಿ ಬಟಾಟೆ ಸುಲೀತಿದ್ದೆ.

ಮೊನ್ನೆ ಅಮ್ಮನಿಗೆ ಫೋನ್ ಮಾಡಿದೆ. "ಮಾವ ಬಂದಿದ್ದಾರೆ, ಚಹಾ ಕುಡೀತಿದ್ದಾರೆ," ಅಂದ್ರು. ಆಮೇಲೆ ದನಿ ತಗ್ಗಿಸಿ, "ತಾನು ಲೆಟರ್ ಕೊಟ್ಟದ್ದಕ್ಕೇ ನೀನು ಫಾರಿನ್‌ಗೆ ಹೋದದ್ದು ಅಂತ ಎಲ್ಲರ ಹತ್ರ ಹೇಳ್ತಾ ಬರ್ತಿದ್ದಾರೆ."

"ಫೋನ್ ಕೊಡಿ ಅವರಿಗೆ."

ಕಪ್ಪು ಕೆಳಗಿಟ್ಟ ಸದ್ದು ಕೇಳಿತು.

"ಏನಾ, ಚಳಿ ಜೋರುಂಟಾ?"

"ಹೌದು ಮಾವ. ಜೋರುಂಟು."

"ದಪ್ಪ ಕೋಟು ಗೀಟು ತಕೊಂಡ್ಯಾ?"

"ತಕೊಂಡೆ."

"ಸರಿ ನೋಡ್ಕೋ. ಟ್ರೈನಲ್ಲಿ ಅದನ್ನೂ ಬಿಟ್ಟು ಬರ್ಬೇಡ."

"ಇಲ್ಲ ಮಾವ," ಅಂದೆ. "ನೀವು ಅಲ್ಲೇ ಇದ್ದೀರಲ್ಲ, ಇಲ್ಲಿ ನನ್ನದೊಂದೂ ಕಳೆಯುದಿಲ್ಲ."